ಏಳನೇ ಮಹಡಿಯ ಬಾಗಿಲು

ಬಾಗಿಲುಗಳ ಮೇಲೆ ಹೊಳೆಯುವ ಬಾಣ ಇನ್ನೂ ಹುಟ್ಟಿರದ ಕಾಲದಲ್ಲಿ ಸಮುದ್ರದ ನಡುವೆ ಒಂದು ದೀಪದ ಗೋಪುರವಿತ್ತಂತೆ. ಗೋಪುರಕ್ಕೆ ಏಳು ಮಹಡಿ, ಮಹಡಿಗೊಂದು ಬಾಗಿಲು. ಒಬ್ಬ ದಾರಿಹೋಕ ದೋಣಿಯಿಂದಿಳಿದು, ಯಾರನ್ನೂ ಏನನ್ನೂ ಕೇಳದೆ, ತನ್ನ ಬುದ್ಧಿಯೊಂದನ್ನೇ ನೆಚ್ಚಿಕೊಂಡು ಆರು ಬಾಗಿಲು ತೆರೆದನಂತೆ. ಮೂರನೇ ಮಹಡಿಯಲ್ಲಿ ಒಂದು ಅಸ್ಥಿಪಂಜರ ನಿಂತಿತ್ತಂತೆ, ಅದರ ಎಡಗಾಲ ಕೆಳಗೆ ಕೀಲಿ ಇತ್ತಂತೆ. ಐದನೆಯದರಲ್ಲಿ ಹಿಂದಕ್ಕೆ ತಿರುಗುವ ಗಡಿಯಾರವಿತ್ತಂತೆ. ಏಳನೇ ಬಾಗಿಲು ಮಾತ್ರ ಜಪ್ಪಯ್ಯ ಅಂದರೂ ತೆರೆಯಲಿಲ್ಲವಂತೆ.

"ಆಮೇಲೆ?" ಎಂದು ನಾನು ಕೇಳುತ್ತಿದ್ದೆ.

"ಆಮೇಲಿನದು ಇನ್ನೂ ಆಗಿಲ್ಲ ಕಣೇ, ಮಲಗು" ಎನ್ನುತ್ತಿದ್ದಳು ಅಜ್ಜಿ.

ಅಜ್ಜಿಯ ಮಿಕ್ಕ ಕತೆಗಳಲ್ಲಿ ರಾಕ್ಷಸರು ಹೊತ್ತಿಗೆ ಸರಿಯಾಗಿ ಸಾಯುತ್ತಿದ್ದರು, ಕಳೆದುಹೋದ ರಾಜಕುಮಾರಿಯರು ನಾನು ನಿದ್ದೆ ಹೋಗುವುದರೊಳಗೆ ಮನೆ ಸೇರುತ್ತಿದ್ದರು. ಈ ದಾರಿಹೋಕನೊಬ್ಬ ಮಾತ್ರ ನನ್ನ ಬಾಲ್ಯದುದ್ದಕ್ಕೂ ಮೆಟ್ಟಿಲ ಮೇಲೆಯೇ ನಿಂತಿದ್ದ. ಕತೆ ಅಜ್ಜಿಯ ಅಜ್ಜಿಗಿಂತ ಹಳೆಯದು ಅಂದುಕೊಂಡಿದ್ದೆ. ಅದು ನಮ್ಮ ಅಟ್ಟದ ಮೇಲೆ, ಹಳೇ ಬೆಡ್‌ಶೀಟು ಹೊದ್ದು ಮಲಗಿದ್ದ ಚಿಕ್ಕಪ್ಪನ ಕಂಪ್ಯೂಟರಿನೊಳಗೆ ಇದೆ ಎಂದು ತಿಳಿದಾಗ ನನಗೆ ಹತ್ತೊಂಬತ್ತು ವರ್ಷ. ಅದು ಕತೆಯಾಗಿರಲಿಲ್ಲ, ಆಟವಾಗಿತ್ತು. ಚಿಕ್ಕಪ್ಪ ಹುಡುಗನಾಗಿದ್ದಾಗ ಅದನ್ನು ಆಡುತ್ತಿದ್ದನಂತೆ. ಅಜ್ಜಿ ಅವನ ಬೆನ್ನ ಹಿಂದೆ ಕೂತು ಕಾಳು ಆರಿಸುತ್ತಾ ನೋಡುತ್ತಿದ್ದಳಂತೆ. ನೋಡಿದಷ್ಟನ್ನು ನನಗೆ ಹೇಳಿದ್ದಳು. ಮುಂದಿನದನ್ನು ಅವಳೂ ನೋಡಿರಲಿಲ್ಲ.

ಚಿಕ್ಕಪ್ಪ ಈಗ ಕಟ್ಟಡ ತಪಾಸಣೆಯ ಕಚೇರಿಯಲ್ಲಿ ನಕ್ಷೆ ಬರೆಯುತ್ತಾನೆ. ಯಾವ ಕಟ್ಟಡದ ಯಾವ ಬಾಗಿಲು ಒಳಕ್ಕೆ ತೆರೆಯುತ್ತದೆ, ಯಾವುದು ಹೊರಕ್ಕೆ ಎಂಬುದನ್ನು ನಿದ್ದೆಗಣ್ಣಲ್ಲೂ ಹೇಳಬಲ್ಲ. ಆದರೆ ತಾನು ತೆರೆದ ಬಾಗಿಲನ್ನು ಮತ್ತೆ ಹಾಕಿದ ಒಂದೇ ಒಂದು ದಾಖಲೆ ಅವನ ಜೀವನದಲ್ಲಿಲ್ಲ. ಬೀರು, ಫ್ರಿಜ್ಜು, ಬಚ್ಚಲು, ಬೀದಿಬಾಗಿಲು ಎಲ್ಲವೂ ಅವನು ಹಾದುಹೋದ ಮೇಲೆ ಹಾರು ಹೊಡೆದುಕೊಂಡಿರುತ್ತವೆ. ಅವನ ಚಪ್ಪಲಿ ಗೂಡಿನಲ್ಲಿ ಎದುರುಮನೆಯ ಬೆಕ್ಕು ಮೂರು ಸಲ ಬಾಣಂತನ ಮುಗಿಸಿಕೊಂಡು ಹೋಗಿದೆ. "ಬಾಗಿಲು ಹಾಕ್ಕೊಂಡು ಬಾರೋ" ಎಂದು ಅಜ್ಜಿ ನಲವತ್ತಾರು ವರ್ಷಗಳಿಂದ ಹೇಳುತ್ತಿದ್ದಾಳೆ. ಚಿಕ್ಕಪ್ಪ ಅದನ್ನು ಗೋಡೆ ಗಡಿಯಾರದ ಟಿಕ್ ಟಿಕ್ ಕೇಳಿದಂತೆ ಕೇಳುತ್ತಾನೆ, ಅಂದರೆ ಕೇಳುವುದಿಲ್ಲ.

ಎಲ್ಲ ಶುರುವಾದದ್ದು ಅಕ್ಕನ ಗಂಡ, ಅಂದರೆ ನಮ್ಮ ಭಾವ, ಹೊಸ ಆಟದ ಪೆಟ್ಟಿಗೆಯೊಂದನ್ನು ತಂದು ನಮ್ಮ ಟೀವಿಗೆ ಸಿಕ್ಕಿಸಿದ ದಿನ. ಮಾವ, ನೀವು ಹಳೇ ಆಟಗಾರರು, ಒಂದು ಕೈ ನೋಡಿ ಎಂದು ಅವರು ಮರ್ಯಾದೆಯಿಂದಲೇ ಹೇಳಿದರು. ಚಿಕ್ಕಪ್ಪ ತೋಳು ಮಡಿಚಿ ಕೂತ. ಮೊದಲು ಆಟ ತನ್ನನ್ನು ತಾನು ಮುಕ್ಕಾಲು ಗಂಟೆ ಇಳಿಸಿಕೊಂಡಿತು. ಆಮೇಲೆ ಅವನ ಹುಟ್ಟಿದ ದಿನಾಂಕ ಕೇಳಿತು. ಆಮೇಲೆ ಒಂದು ಪಾಸ್‌ವರ್ಡು ಕೇಳಿ, ಕೊಟ್ಟದ್ದು ಸಾಕಷ್ಟು ಗಟ್ಟಿಯಿಲ್ಲ ಎಂದು ಮೂರು ಸಲ ವಾಪಸು ಕಳಿಸಿತು. ನಲವತ್ತು ಪುಟದ ಕರಾರನ್ನು ತೋರಿಸಿ ಒಪ್ಪಿಗೆಯೇ ಎಂದಿತು. ಚಿಕ್ಕಪ್ಪ ಸರ್ಕಾರಿ ಮನುಷ್ಯ, ಓದದೆ ಸಹಿ ಮಾಡುವುದಿಲ್ಲ ಎಂದು ಓದತೊಡಗಿದ. ಭಾವ ಹಿಂದಿನಿಂದ ಕೈ ಚಾಚಿ ಒಪ್ಪಿಕೊಂಡುಬಿಟ್ಟರು. ನಂತರ ನಾಯಕನ ಹುಬ್ಬಿಗೆ ಇಪ್ಪತ್ತೆಂಟು ಮಾದರಿಗಳಲ್ಲಿ ಒಂದನ್ನು ಆರಿಸಬೇಕಾಯಿತು.

ಅಂತೂ ಕಾಡು ಬಂತು. ನಾಯಕ ಒಂದು ಹೆಜ್ಜೆ ಇಡುವಷ್ಟರಲ್ಲಿ ನೆಲದ ಮೇಲೆ ಚಿನ್ನದ ಬಾಣಗಳು ಬೆಳಗಿದವು, ಹೆಗಲ ಮೇಲೆ ಒಂದು ಹಕ್ಕಿ ಬಂದು ಕೂತಿತು. ಎದುರಿಗೊಂದು ಬಂಡೆ. ಆ ಬಂಡೆಯನ್ನು ಸರಿಸಿ ನೋಡೋಣವೇ ಎಂದಿತು ಹಕ್ಕಿ. ಚಿಕ್ಕಪ್ಪ ಹಕ್ಕಿಯ ಕಡೆ ತಿರುಗಿ, ಸ್ವಲ್ಪ ಸುಮ್ಮನಿರಮ್ಮ, ನಾನೂ ಯೋಚನೆ ಮಾಡಬೇಕಲ್ಲ ಎಂದ. ಮೂರು ಸೆಕೆಂಡು ಬಿಟ್ಟು ಹಕ್ಕಿ ಮತ್ತೆ ಅದನ್ನೇ ಹೇಳಿತು. ಚಿಕ್ಕಪ್ಪ ಹಟ ಹಿಡಿದು ಬಂಡೆ ಬಿಟ್ಟು ಕಾಡಿನಲ್ಲಿದ್ದ ಎಲ್ಲವನ್ನೂ ಸರಿಸಲು ನೋಡಿದ. ಮರ ಸರಿಯಲಿಲ್ಲ, ಪೊದೆ ಸರಿಯಲಿಲ್ಲ, ಒಂದು ಜಿಂಕೆಯನ್ನು ತಳ್ಳಲು ಹೋದಾಗ ಅದು ನಾಯಕನ ಮೈಯೊಳಗಿಂದಲೇ ಹಾದು ಹೋಯಿತು. ಹತ್ತು ನಿಮಿಷದ ಮೇಲೆ ಹಕ್ಕಿ ಕನಿಕರದ ದನಿಯಲ್ಲಿ ಕೇಳಿತು: ನಿಮಗೆ ಕಷ್ಟವಾಗುತ್ತಿದೆಯೇ, ಆಟವನ್ನು ಇನ್ನೂ ಸುಲಭ ಮಾಡಿಕೊಡಲೇ?

ಚಿಕ್ಕಪ್ಪ ಎದ್ದು ನಿಂತ. ಕೂತ. ಮತ್ತೆ ಎದ್ದ.

"ಇದು ಆಟ ಅಲ್ಲ ಅಳಿಯಂದಿರೇ, ಇದು ತುತ್ತು ಮಾಡಿ ಬಾಯಿಗಿಡೋದು. ನಮ್ಮ ಕಾಲದಲ್ಲಿ ತಲೆ ಓಡಿಸಬೇಕಾಗಿತ್ತು. ಆ ದೀಪದ ಗೋಪುರ ಇತ್ತಲ್ಲ, ಯಾವ ಹಕ್ಕಿಯ ಹಂಗೂ ಇಲ್ಲದೆ ಒಬ್ಬನೇ ಮುಗಿಸಿದವನು ನಾನು."

ಮೂಲೆಯಲ್ಲಿ ಪೆಟ್ಟಿಗೆಗೆ ಸೀರೆ ಜೋಡಿಸುತ್ತಿದ್ದ ಅಜ್ಜಿಯ ಕೈ ನಿಂತಿತು. ಮುಂದಿನ ಶನಿವಾರ ಅವಳು ದೊಡ್ಡ ಮಗಳ ಊರಿಗೆ ಹೊರಟಿದ್ದಳು, ವರ್ಷವಿಡೀ ಅಲ್ಲೇ.

"ಮುಗಿಸಿದ್ಯಾ? ಹಾಗಾದ್ರೆ ಆ ಬಾಗಿಲ ಹಿಂದೆ ಏನಿತ್ತೋ?"

ಕೋಣೆಯಲ್ಲಿ ಹಕ್ಕಿಯೊಂದೇ ಮಾತಾಡುತ್ತಿತ್ತು. ಚಿಕ್ಕಪ್ಪ ಸೂರು ನೋಡಿದ, ಭಾವನನ್ನು ನೋಡಿದ. ಕಡೆಗೆ, ಅದು ಬಾಯಲ್ಲಿ ಹೇಳುವಂಥದ್ದಲ್ಲಮ್ಮ, ಕಣ್ಣಾರೆ ನೋಡಬೇಕು ಎಂದ. ತೋರಿಸು ಹಾಗಾದರೆ ಎಂದಳು ಅಜ್ಜಿ. ನೀನು ರೈಲು ಹತ್ತುವುದರೊಳಗೆ ತೋರಿಸುತ್ತೇನೆ ಎಂದು ಚಿಕ್ಕಪ್ಪ ಮಾತು ಕೊಟ್ಟುಬಿಟ್ಟ. ಅಜ್ಜಿ ಮತ್ತೆ ಸೀರೆ ಮಡಿಚತೊಡಗಿದಳು. ದೊಡ್ಡತ್ತೆಯ ಮೊಮ್ಮಗಳಿಗೂ ಕತೆಯ ಹುಚ್ಚಂತೆ, ಅರ್ಧ ಕತೆ ಕಟ್ಟಿಕೊಂಡು ಹೋಗುವುದು ಹೇಗೆ ಅಂತ ಯೋಚನೆಯಾಗಿತ್ತು ಎಂದಳು.

ಅವನು ಮುಗಿಸಿರಲಿಲ್ಲ ಎಂಬುದು ನನಗೆ ಮಾರನೇ ದಿನ ಗೊತ್ತಾಯಿತು. ಭಾವ ಸಹಾಯವಾಗಲಿ ಎಂದು ಫೋನಿನಲ್ಲಿ ಹುಡುಕಿದ್ದರಂತೆ. ಆ ಆಟದ ಬಗ್ಗೆ ಇಡೀ ಜಗತ್ತಿನಲ್ಲಿ ಸಿಕ್ಕದ್ದು ಒಂದೇ ಒಂದು ಸಾಲು. ಏಳನೇ ಮಹಡಿಯ ಬಾಗಿಲನ್ನು ಯಾರಾದರೂ ತೆರೆದಿದ್ದೀರಾ ಎಂದು ಹನ್ನೊಂದು ವರ್ಷದ ಹಿಂದೆ ಯಾರೋ ಕೇಳಿದ್ದರು. ಕೆಳಗೆ ಉತ್ತರವಿಲ್ಲ. ಕೇಳಿದವನ ಚಿತ್ರದಲ್ಲಿ ನಮ್ಮ ಚಿಕ್ಕಪ್ಪ ಇನ್ನೂ ಮೀಸೆ ಬಿಟ್ಟಿದ್ದ.

ಭಾವನೂ ನಾನೂ ಬಾಯಿ ಹೊಲಿದುಕೊಂಡೆವು.

ಕಂಪ್ಯೂಟರು ಅಟ್ಟದಿಂದ ಇಳಿಯಿತು. ಗುಡುಗಿ, ಕೆಮ್ಮಿ, ಹೊತ್ತಿಕೊಂಡಿತು. ಹಕ್ಕಿಯಿಲ್ಲ, ಬಾಣವಿಲ್ಲ. ಕಪ್ಪು ತೆರೆ, ಬೆರಳುಗಾತ್ರದ ದಾರಿಹೋಕ, ಕೆಳಗೆ ಮಿಣುಕುವ ಒಂದು ಗೆರೆ. ಏನು ಮಾಡಬೇಕೋ ಅದನ್ನು ಒಂದು ಪದದಲ್ಲಿ ಬೆರಳಚ್ಚು ಮಾಡಬೇಕು. ಹತ್ತು ಎಂದರೆ ಹತ್ತುತ್ತಾನೆ, ತೆರೆ ಎಂದರೆ ತೆರೆಯುತ್ತಾನೆ. ಮೊದಲ ಮಹಡಿಯ ಗೋಡೆಯ ಮೇಲೆ ದೀಪ ಕಾಯುವವನ ಬರಹ: 'ಬಂದವರೆಲ್ಲ ಹತ್ತುತ್ತಾರೆ. ಯಾರೂ ಹಿಂದಿರುಗಿ ನೋಡುವುದಿಲ್ಲ.' ಈ ಎರಡು ಸಾಲನ್ನು ಚಿಕ್ಕಪ್ಪ ಹುಡುಗನಾಗಿದ್ದಾಗಲೇ ಡೈರಿಗೆ ಇಳಿಸಿಕೊಂಡು ಜೀವನದ ದೊಡ್ಡ ತತ್ವವೆಂದು ನಂಬಿದ್ದ. ಬಡ್ತಿ ತಪ್ಪಿದಾಗ, ಬಸ್ಸು ತಪ್ಪಿದಾಗ, ಹಲ್ಲು ಕೀಳಿಸಿಕೊಂಡಾಗ ಅದನ್ನೇ ಹೇಳಿಕೊಂಡು ನಿಟ್ಟುಸಿರು ಬಿಡುತ್ತಿದ್ದ.

ಎರಡು ಸಂಜೆಯೊಳಗೆ ಆರು ಬಾಗಿಲು ತೆರೆದವು, ಅಷ್ಟರಲ್ಲಿ ಹಳೇ ಯಂತ್ರ ಗೊರಗೊರ ಎನ್ನತೊಡಗಿತ್ತು. ಏಳನೆಯದಕ್ಕೆ ಅವನು ತಳ್ಳು ಎಂದ, ಎಳೆ ಎಂದ, ಒದೆ ಎಂದ, ಬೇಡು ಎಂದ. ಅಳು ಎಂದು ಹಾಕಿದಾಗ 'ಅತ್ತದ್ದಾಯಿತು. ಬಾಗಿಲು ತೆರೆಯಲಿಲ್ಲ' ಎಂದು ಆಟ ಉತ್ತರ ಕೊಟ್ಟಿತು. ಊಟದ ನಡುವೆ ಎದ್ದು ಹೋಗಿ ಇನ್ನೊಂದು ಪದ ಹಾಕಿ ಬರುತ್ತಿದ್ದ. ಕಚೇರಿಯಿಂದ ಫೋನ್ ಮಾಡಿ, ನನ್ನಿಂದ 'ಕ್ಷಮಿಸು' ಎಂದು ಹಾಕಿಸಿ ನೋಡಿದ. ಕೋಣೆಯಲ್ಲಿ ಅವನು ಅಡ್ಡಾಡುವುದನ್ನು ನೋಡಿ ಅಜ್ಜಿ, ನೆಲ ಸವೆದು ಕೆಳಗಿನ ಮಹಡಿ ಸಿಕ್ಕೀತು, ಕೂತ್ಕೊಳ್ಳೋ ಎಂದಳು. ಕಟ್ಟಡದಲ್ಲಿ ಎಲ್ಲಕ್ಕಿಂತ ಕೆಳಗಿನ ಮನೆಯೇ ನಮ್ಮದು.

ಹಿಂದಿನ ಆಟಗಾರರಿಗೆಲ್ಲ ಇದ್ದ ಒಂದು ಅಭ್ಯಾಸ ಚಿಕ್ಕಪ್ಪನಿಗೂ ಇತ್ತು: ಆಟದ ಜಾಗಗಳನ್ನು ಕಾಗದದ ಮೇಲೆ ನಕ್ಷೆ ಮಾಡಿಕೊಳ್ಳುವುದು. ಬುಧವಾರ ಅವನು ಗೋಪುರವನ್ನು ಬರೆಯಲು ಕೂತ. ಕೈಗೆ ಸಿಕ್ಕಿದ್ದು ಕಚೇರಿಯ ತಪಾಸಣೆ ನಮೂನೆ. ವೃತ್ತಿಯ ಕೈ ಸುಮ್ಮನಿರುತ್ತದೆಯೇ? ಅಳತೆ ಹಾಕಿ, ಮೆಟ್ಟಿಲಿಗೆ ಮೆಟ್ಟಿಲ ಗುರುತು, ಬಾಗಿಲಿಗೆ ಬಾಗಿಲ ಗುರುತು ಕೊಟ್ಟು, ಕೆಳಗಿನ 'ಕಂಡುಬಂದ ನ್ಯೂನತೆಗಳು' ಎಂಬ ಅಂಕಣದಲ್ಲಿ ದುಂಡಗೆ ಬರೆದ: 'ಮೂರನೇ ಮಹಡಿ: ಅಸ್ಥಿಪಂಜರ, ಎಡಗಾಲ ಕೆಳಗೆ ಕೀಲಿ. ಐದನೇ ಮಹಡಿ: ಗಡಿಯಾರ ಹಿಂದಕ್ಕೆ ತಿರುಗುತ್ತಿದೆ. ಏಳನೇ ಮಹಡಿ: ಬಾಗಿಲು ತೆರೆಯುತ್ತಿಲ್ಲ, ಕಾರಣ ತಿಳಿದಿಲ್ಲ.' ಅದೇ ಮೇಜಿನ ಮೇಲೆ, ನಾವು ವಾಸವಾಗಿರುವ ಇದೇ ಕಟ್ಟಡದ ಐದು ವರ್ಷಕ್ಕೊಮ್ಮೆಯ ತಪಾಸಣೆಯ ಕಡತ, ಅಚ್ಚುಕಟ್ಟಾಗಿ ನಕಲು ಮಾಡಲೆಂದು ಅವನೇ ತಂದದ್ದು, ಬಾಯಿ ತೆರೆದುಕೊಂಡು ಬಿದ್ದಿತ್ತು. ಕಡತ ಮುಚ್ಚುವುದೂ ಬಾಗಿಲು ಹಾಕಿದಂತೆಯೇ ಅಲ್ಲವೇ? ಅವನು ಮುಚ್ಚಿರಲಿಲ್ಲ. ಬೆಳಿಗ್ಗೆ ಗಡಿಬಿಡಿಯಲ್ಲಿ ಎಲ್ಲ ಕಾಗದವನ್ನೂ ಬಾಚಿಕೊಂಡು ಹೋದ.

ಗುರುವಾರ ಸಂಜೆಗೆ ಕಟ್ಟಡದ ಮೆಟ್ಟಿಲ ಬಳಿ ನೋಟೀಸು ಅಂಟಿತ್ತು. ನಿವಾಸಿಗಳ ಸಂಘದ ಅಧ್ಯಕ್ಷರು, ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದವರು, ಅದನ್ನು ಪ್ಲಾಟ್‌ಫಾರ್ಮಿಗೆ ಕೇಳುವ ದನಿಯಲ್ಲಿ ಎಲ್ಲರಿಗೂ ಓದಿ ಹೇಳಿದರು. ನಾಲ್ಕು ಮಹಡಿಗೆ ಮಾತ್ರ ಪರವಾನಗಿ ಇರುವ ಕಟ್ಟಡದಲ್ಲಿ ಏಳು ಮಹಡಿ ಕಂಡುಬಂದಿರುವುದರಿಂದ ಮೇಲಿನ ಮೂರನ್ನು ಕೂಡಲೇ ತೆರವುಗೊಳಿಸತಕ್ಕದ್ದು. ಮೂರನೇ ಮಹಡಿಯಲ್ಲಿರುವ ಅಸ್ಥಿಪಂಜರದ ಬಗ್ಗೆ ವಿವರಣೆ ನೀಡತಕ್ಕದ್ದು. ಶನಿವಾರ ಮಧ್ಯಾಹ್ನ ಸಾಹೇಬರು ಖುದ್ದಾಗಿ ಬರುತ್ತಾರೆ.

ಆಮೇಲೆ ಎಲ್ಲರ ಕಣ್ಣೂ ಮೂರನೇ ಮಹಡಿಯ ಟೀಚರಮ್ಮನ ಯಜಮಾನರ ಕಡೆ ತಿರುಗಿದವು. ಅವರು ಮೊದಲಿಂದಲೂ ಸಣಕಲು.

"ಯಾಕೆ ಎಲ್ರೂ ಇವರನ್ನೇ ನೋಡ್ತಿದ್ದೀರಿ? ಹೊತ್ಹೊತ್ತಿಗೆ ಊಟ ಹಾಕ್ತೀನಿ ನಾನು" ಎಂದರು ಟೀಚರಮ್ಮ.

ನಾಲ್ಕನೇ ಮಹಡಿಯ ಟೈಲರಿಗೆ ಬೇರೆಯೇ ಚಿಂತೆ. ತಮ್ಮ ತಲೆಯ ಮೇಲೆ ಮೂರು ಮಹಡಿ ಜನ ಇದ್ದಾರೆಂಬುದು ತಮಗೆ ಯಾವತ್ತಿನಿಂದಲೋ ಅನುಮಾನವಿತ್ತು, ಟಪಟಪ ಸದ್ದು ಬರುತ್ತಿತ್ತು, ಅದು ಪಾರಿವಾಳ ಎಂದು ಹೆಂಡತಿ ಬಾಯಿ ಮುಚ್ಚಿಸುತ್ತಿದ್ದಳು ಎಂದರು. ಏಳು ಇಲ್ಲ, ಹೊರಗೆ ನಿಂತು ಎಣಿಸಿ ಎಂದು ಯಾರೋ ಹೇಳಿದರು. ಅಧ್ಯಕ್ಷರು ರಸ್ತೆಗಿಳಿದು ಎಣಿಸಿ ಬಂದು, ಹೊರಗಿನಿಂದ ನಾಲ್ಕೇ ಕಾಣುತ್ತವೆ, ಒಳಗಿನ ವಿಷಯ ನಕ್ಷೆ ಬರೆದವರಿಗೆ ಗೊತ್ತು ಎಂದು ಚಿಕ್ಕಪ್ಪನ ಕಡೆ ನೋಡಿದರು.

ಚಿಕ್ಕಪ್ಪ ಕಂಬದ ಹಿಂದೆ ಬೆವರುತ್ತಿದ್ದ. ಒಂದು ಮಾತು ಹೇಳಿದ್ದರೆ ಸಾಕಿತ್ತು: ಇದು ಆಟದ ನಕ್ಷೆ, ತಪ್ಪಿ ಹೋಗಿದೆ. ಆದರೆ ನೋಟೀಸಿನ ಜೊತೆಗೆ ಅಂಟಿಸಿದ್ದ ಆ ನಕ್ಷೆಯ ಕೊನೆಯ ಸಾಲು ಅವನದೇ ದುಂಡು ಅಕ್ಷರದಲ್ಲಿ ಗೋಡೆಯ ಮೇಲಿತ್ತು. ಏಳನೇ ಬಾಗಿಲು ತೆರೆಯುತ್ತಿಲ್ಲ, ಕಾರಣ ತಿಳಿದಿಲ್ಲ. ಎರಡು ಹೆಜ್ಜೆಯಾಚೆ ಅಜ್ಜಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಒಪ್ಪಿಕೊಂಡರೆ ಕಟ್ಟಡ ಉಳಿಯುತ್ತಿತ್ತು, ಅಮ್ಮನ ಮುಂದೆ ಕೊಟ್ಟ ಮಾತು ಕುಸಿಯುತ್ತಿತ್ತು. ಪರಿಶೀಲಿಸಬೇಕಾದ ವಿಷಯ ಎಂದು ಗೊಣಗಿ ಒಳಗೆ ಓಡಿದ, ಬಾಗಿಲು ತೆರೆದೇ ಬಿಟ್ಟು. ಅಜ್ಜಿ ಸೆರಗಿನಿಂದ ಬಾಯಿ ಒರೆಸಿಕೊಂಡಳು, ಅಷ್ಟೇ.

ಶುಕ್ರವಾರ ಕಚೇರಿಯಲ್ಲಿ ಗುಟ್ಟಾಗಿ ಸಾಹೇಬರ ಕಿವಿಗೆ ಹಾಕಿ ನೋಡಿದನಂತೆ. ಸಾಹೇಬರು ಕನ್ನಡಕ ತೆಗೆದು ಒರೆಸಿ, ಮೊಹರು ಬಿದ್ದಾಗಿದೆ, ಇನ್ನು ನಕ್ಷೆ ತಪ್ಪಾಗಲು ಸಾಧ್ಯವಿಲ್ಲ, ಕಟ್ಟಡ ಏನಾದರೂ ತಪ್ಪಿದೆಯೋ ನೋಡೋಣ ಎಂದರಂತೆ.

ಶನಿವಾರ ಬಂತು. ಅಜ್ಜಿಯ ಪೆಟ್ಟಿಗೆ ಹಜಾರದಲ್ಲಿ, ನಾಲ್ಕು ಗಂಟೆಗೆ ಟ್ಯಾಕ್ಸಿ. ಚಿಕ್ಕಪ್ಪ ಬೆಳಗಿನಿಂದ ನೂರಾರು ಪದ ಹಾಕಿದ್ದ, ನಿಘಂಟಿನಲ್ಲಿ 'ಬ' ಅಕ್ಷರಕ್ಕೆ ಬಂದಿದ್ದ. ಭಾವ ಫೋನು ಹಿಡಿದು ಸುಳಿದಾಡುತ್ತಾ, ಆಟ ಮಾಡಿದವರಿಗೇ ಕಾಗದ ಬರೆಯೋಣವೇ ಮಾವ ಎಂದು ಮೆಲ್ಲಗೆ ಕೇಳಿ ಬೈಸಿಕೊಂಡರು. ಎರಡೂವರೆಗೆ ಸಾಹೇಬರು ಬಂದರು. ಮರ್ಯಾದೆಗೆಂದು ಅಧ್ಯಕ್ಷರು ಬೀದಿಬಾಗಿಲ ಎರಡೂ ಕದಗಳನ್ನು ತೆರೆದು ಇಟ್ಟಿಗೆ ಒತ್ತುಕೊಟ್ಟು ನಿಲ್ಲಿಸಿದ್ದರು. ಹೊರಗೆ ಗಾಳಿ ಹುಚ್ಚೆದ್ದಿತ್ತು. ಕಟ್ಟಡದವರೆಲ್ಲ ಮೆರವಣಿಗೆಯಂತೆ ಸಾಹೇಬರ ಹಿಂದೆ ಮೆಟ್ಟಿಲು ಹತ್ತಿದರು. ಚಿಕ್ಕಪ್ಪ ಸಿಬ್ಬಂದಿಯಾದ್ದರಿಂದ ಕಡತ ಹಿಡಿದು ಮುಂದೆ ನಡೆಯಬೇಕಾಯಿತು.

ಮೂರನೇ ಮಹಡಿಯಲ್ಲಿ ಟೀಚರಮ್ಮನ ಯಜಮಾನರು ತಮ್ಮ ಬಾಗಿಲ ಮುಂದೆ ವಿನಯದಿಂದ ನಿಂತಿದ್ದರು. ಸಾಹೇಬರು ಅವರನ್ನು ಮೇಲಿಂದ ಕೆಳಗೆ ನೋಡಿದರು, ಕಡತ ನೋಡಿದರು.

"ನೀವೇನಾ? ಸ್ವಲ್ಪ ಎಡಗಾಲು ಎತ್ತಿ."

ಎತ್ತಿದರು. ಅವರು ನಿಂತಿದ್ದದ್ದು ಕಾಲೊರಸಿನ ಮೇಲೆ. ಸಾಹೇಬರು ಬಗ್ಗಿ ಕಾಲೊರಸಿನ ಅಂಚು ಎತ್ತಿದರು. ಕೆಳಗೆ ಕೀಲಿ ಇತ್ತು. ಹೊರಗೆ ಹೋಗುವಾಗ ಟೀಚರಮ್ಮ ಅದನ್ನು ಅಲ್ಲೇ ಇಟ್ಟು ಹೋಗುತ್ತಾರೆಂದು ಇಡೀ ಕಟ್ಟಡಕ್ಕೆ ಗೊತ್ತಿತ್ತು, ಆದರೆ ಆ ಕ್ಷಣದಲ್ಲಿ ಯಾರಿಗೂ ನೆನಪಾಗಲಿಲ್ಲ. ಸಾಹೇಬರು ಗುರುತು ಹಾಕಿಕೊಂಡು, ನಕ್ಷೆ ಕರಾರುವಾಕ್ಕಾಗಿದೆ ಎಂದು ಚಿಕ್ಕಪ್ಪನ ಬೆನ್ನು ತಟ್ಟಿದರು. ಚಿಕ್ಕಪ್ಪನ ಮುಖದಲ್ಲಿ ತನ್ನ ನಕ್ಷೆಯ ಬಗ್ಗೆ ತನಗೇ ಭಯ ಹುಟ್ಟಿದ್ದು ಕಂಡಿತು.

ನಾಲ್ಕನೆಯದರ ಮೇಲೆ ಮೆಟ್ಟಿಲು ಒಂದು ಬಾಗಿಲಿಗೆ ಮುಗಿಯುತ್ತಿತ್ತು. ಇದು ತಾರಸಿ ಬಾಗಿಲು ಎಂದರು ಅಧ್ಯಕ್ಷರು. ಅದನ್ನು ನಾನು ನಿರ್ಧರಿಸುತ್ತೇನೆ ಎಂದು ಸಾಹೇಬರು ಹಿಡಿ ಹಿಡಿದು ತಮ್ಮ ಕಡೆಗೆ ಎಳೆದರು. ಬರಲಿಲ್ಲ. ಕಾಲು ಕೊಟ್ಟು ಎಳೆದರು. ಬರಲಿಲ್ಲ. ಟೈಲರು ಸಾಹೇಬರ ಸೊಂಟ ಹಿಡಿದು ಎಳೆದರು, ಅಧ್ಯಕ್ಷರು ಟೈಲರನ್ನು ಹಿಡಿದು ಎಳೆದರು. ಬೀಗ ತೆಗೆದಿತ್ತು, ಚಿಲಕ ಜಾರಿಸಿತ್ತು, ಬಾಗಿಲು ಮಾತ್ರ ಆಚೆಗೆ ಅಂಟಿಕೊಂಡಿತ್ತು. ಸಂದಿಯಲ್ಲಿ ಊ ಎಂದು ದನಿ ಬಂತು.

"ಇದ್ದಾರೆ. ಒಳಗೆ ಹಿಡ್ಕೊಂಡಿದ್ದಾರೆ" ಎಂದರು ಟೈಲರು, ತಣ್ಣಗೆ.

ಅಧ್ಯಕ್ಷರು ಬಾಗಿಲಿಗೆ ಬಾಯಿ ಹಚ್ಚಿ, ಮೂರೂ ಮಹಡಿಯವರು ಸಾಮಾನು ಸಮೇತ ಸಾಲಾಗಿ ಹೊರಗೆ ಬರಬೇಕೆಂದು ಪ್ರಕಟಿಸಿದರು. ಊ ಎಂಬ ದನಿ ಇನ್ನೂ ಜೋರಾಯಿತು. ಸಾಹೇಬರು ಬರೆದುಕೊಂಡರು: ಬಾಗಿಲು ತೆರೆಯುತ್ತಿಲ್ಲ, ಕಾರಣ ತಿಳಿದಿಲ್ಲ. ಬರೆದು, ಮತ್ತೊಮ್ಮೆ ಹಿಡಿಗೆ ಕೈ ಹಾಕಿ ಜೋತುಬಿದ್ದರು.

ಆಗ ನಾಲ್ಕು ಮಹಡಿ ಕೆಳಗಿನಿಂದ ಅಜ್ಜಿಯ ದನಿ ಮೆಟ್ಟಿಲು ಹತ್ತಿ ಬಂತು.

"ಯಾರೋ ಅದು ಬೀದಿಬಾಗಿಲು ಹಾರು ಹೊಡೆದು ಹೋಗಿರೋದು? ಮನೆಯೆಲ್ಲ ಧೂಳು ನುಗ್ತಿದೆ. ಹಾಕ್ಕೊಂಡು ಹೋಗೋಕೆ ಏನು ರೋಗ?"

ಇಟ್ಟಿಗೆ ಉರುಳಿದ ಸದ್ದು. ಕದಗಳು ಧಡ್, ಧಡ್ ಎಂದು ಮುಚ್ಚಿಕೊಂಡವು. ಮೆಟ್ಟಿಲ ಮೇಲೆ ಒತ್ತುತ್ತಿದ್ದ ಗಾಳಿ ಉಸಿರು ನಿಂತಂತೆ ನಿಂತಿತು. ಮರುಕ್ಷಣ ತಾರಸಿ ಬಾಗಿಲು ಬೆಣ್ಣೆಯಿಂದ ಕೂದಲು ಎಳೆದಂತೆ ತೆರೆದುಕೊಂಡಿತು. ಸಾಹೇಬರು ಟೈಲರ ಮೇಲೆ, ಟೈಲರು ಅಧ್ಯಕ್ಷರ ಮೇಲೆ, ಅಧ್ಯಕ್ಷರು ಟೀಚರಮ್ಮನ ಯಜಮಾನರ ಮೇಲೆ ಬಿದ್ದರು. ಸಣಕಲರಾದರೂ ಅವರೊಬ್ಬರೇ ಗಟ್ಟಿಯಾಗಿ ನಿಂತದ್ದು.

ಬಾಗಿಲಾಚೆ ಒಂದು ನೀರಿನ ಟ್ಯಾಂಕು, ಮುರಿದ ಕುರ್ಚಿ, ನಾಲ್ಕು ಪಾರಿವಾಳ, ಆಕಾಶ. ಸಾಹೇಬರು ಎದ್ದು, ಪ್ಯಾಂಟು ಕೊಡವಿ, ಮೂರು ಮಹಡಿ ಇರಬೇಕಾದ ಜಾಗವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಗಂಭೀರವಾಗಿ ಬರೆದರು: 'ಹೆಚ್ಚುವರಿ ಮಹಡಿಗಳನ್ನು ನಿವಾಸಿಗಳು ಅವಧಿಯೊಳಗೆ ತೆರವುಗೊಳಿಸಿದ್ದಾರೆ. ಗಡಿಯಾರವೂ ಅವುಗಳೊಂದಿಗೆ ಹೋಗಿದೆ. ಅಸ್ಥಿಪಂಜರ ಕುಟುಂಬದವರ ವಶದಲ್ಲಿದೆ, ಅಪಾಯವಿಲ್ಲ.' ಅಧ್ಯಕ್ಷರು ಎಲ್ಲರ ಪರವಾಗಿ ಸಹಿ ಹಾಕಿದರು. ಇಷ್ಟು ಬೇಗ ಮೂರು ಮಹಡಿ ಕೆಡವಿದ ಸಂಘ ಬೇರೊಂದಿಲ್ಲ ಎಂದು ಆಮೇಲೆ ಬಹಳ ದಿನ ಹೇಳಿಕೊಂಡರು.

ಚಿಕ್ಕಪ್ಪ ಇದೊಂದನ್ನೂ ನೋಡಲಿಲ್ಲ. ತೆರೆದ ಬಾಗಿಲನ್ನೂ ಕೆಳಗಿನ ಮೆಟ್ಟಿಲನ್ನೂ ಒಮ್ಮೆ ಇದು, ಒಮ್ಮೆ ಅದು ಎಂದು ನೋಡುತ್ತಾ ಕಲ್ಲಾಗಿ ನಿಂತಿದ್ದ.

"ಹಿಂದಿರುಗಿ ನೋಡೋದು ಅಂದ್ರೆ ಇದಾ?" ಎಂದ. ಕಡತ ನನ್ನ ಕೈಗೆ ತುರುಕಿ ಓಡಿದ.

ನಾವು ಕೆಳಗಿಳಿದಾಗ ಬೀದಿಯಲ್ಲಿ ಟ್ಯಾಕ್ಸಿ ಹಾರ್ನ್ ಮಾಡುತ್ತಿತ್ತು. ಚಿಕ್ಕಪ್ಪ ಕಂಪ್ಯೂಟರಿನ ಮುಂದೆ ತುದಿಗಾಲಲ್ಲಿ ಕೂತಿದ್ದ. ದಾರಿಹೋಕ ಏಳನೇ ಮಹಡಿಯಿಂದ ಇಳಿಯುತ್ತಿದ್ದ, ಒಂದೊಂದೇ ಮೆಟ್ಟಿಲು, ಯಾವ ಆತುರವೂ ಇಲ್ಲದೆ. ಇದನ್ನು ಬೇಗ ಓಡಿಸುವ ಗುಂಡಿ ಇಲ್ಲವೇ ಎಂದು ಭಾವ ಚಡಪಡಿಸಿದರು. ಇರಲಿಲ್ಲ. ಹಾರ್ನ್ ಮತ್ತೆ ಕೂಗಿತು. ಅಧ್ಯಕ್ಷರು, ಟೈಲರು, ಟೀಚರಮ್ಮ, ಅವರ ಯಜಮಾನರು, ಕಡೆಗೆ ಸಾಹೇಬರೂ ಬಂದು ಹಿಂದೆ ನಿಂತರು. ತೆರೆಯ ಮೇಲೆ ಗೋಪುರ ನೋಡಿದ ಸಾಹೇಬರು ಏನೋ ಕೇಳಲು ಬಾಯಿ ತೆರೆದು, ತಾವು ಆಗಷ್ಟೇ ಬರೆದದ್ದು ನೆನಪಾಗಿ ಮುಚ್ಚಿಕೊಂಡರು.

ಅಜ್ಜಿ ಕುರ್ಚಿ ಎಳೆದುಕೊಂಡು ಮಗನ ಬೆನ್ನ ಹಿಂದೆ ತನ್ನ ಹಳೇ ಜಾಗದಲ್ಲಿ ಕೂತಳು.

"ಅಮ್ಮಾ, ನಾನು ಇದನ್ನ ಮುಗಿಸಿರಲಿಲ್ಲ" ಎಂದ ಚಿಕ್ಕಪ್ಪ, ತಿರುಗದೆ.

"ಗೊತ್ತಿಲ್ವೇನೋ ನನಗೆ? ಮುಗಿಸಿದ್ರೆ ಅವತ್ತೇ ಬೀದಿಗೆಲ್ಲ ಸಾರಿರ್ತಿದ್ದೆ. ಆ ನೋಟೀಸು ಓದಿದಾಗ್ಲೇ ನಗು ತಡೆಯೋಕಾಗ್ಲಿಲ್ಲ. ಈಗ ಮಾತು ಬಿಟ್ಟು ಆಡು."

ದಾರಿಹೋಕ ಕೆಳಗೆ ಮುಟ್ಟಿದ. ಮೊದಲ ಬಾಗಿಲು, ಅವನು ದೋಣಿಯಿಂದಿಳಿದು ತೆರೆದು ಬಿಟ್ಟದ್ದು, ಹಾಗೆಯೇ ಹಾರು ಹೊಡೆದಿತ್ತು. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಬೆರಳಿಗೆ ಹೊಳೆಯದಿದ್ದ ಆ ಪದವನ್ನು ಚಿಕ್ಕಪ್ಪ ಒಂದೊಂದೇ ಅಕ್ಷರವಾಗಿ ಒತ್ತಿದ: ಹಾಕು. ಠಪ್ ಎಂದಿತು. ಹತ್ತಿದ, ತಿರುಗಿದ, ಹಾಕಿದ. ಎರಡನೆಯದು. ಅಸ್ಥಿಪಂಜರವನ್ನು ದಾಟಿ ಮೂರನೆಯದು. ಪ್ರತಿ ಠಪ್ಪಿಗೂ ನಮ್ಮೆಲ್ಲರ ತಲೆ ಒಟ್ಟಿಗೆ ಅಲ್ಲಾಡಿತು. ಟ್ಯಾಕ್ಸಿಯವರು ಸಿಟ್ಟಿನಿಂದ ಒಳಗೆ ಬಂದು, ವಿಷಯ ಏನೆಂದು ಕೇಳಿ, ಅವರೂ ನಿಂತರು. ಆರನೆಯದು ಮುಚ್ಚಿದಾಗ ಕಂಪ್ಯೂಟರಿನಿಂದ ಬರುತ್ತಿದ್ದ ಗೊರಗೊರ ಸದ್ದು ನಿಂತಿತು. ಅದು ಹಳೇ ಯಂತ್ರದ ಉಬ್ಬಸ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಅಷ್ಟು ಹೊತ್ತೂ ಬೀಸುತ್ತಿದ್ದದ್ದು ಗೋಪುರದೊಳಗಿನ ಗಾಳಿ.

ಏಳನೇ ಬಾಗಿಲಿಗೆ ಚಿಕ್ಕಪ್ಪ ತೆರೆ ಎಂದ.

ತೆರೆಯಿತು.

ಒಳಗೆ ಒಂದು ಪುಟ್ಟ ದುಂಡು ಕೋಣೆ. ನಡುವೆ ದೀಪ, ದೀಪದ ಪಕ್ಕ ಮುದುಕನೊಬ್ಬ ಕೂತಿದ್ದ. ದಾರಿಹೋಕ ಹೊಸ್ತಿಲು ದಾಟಿದ. ದೀಪದ ಕುಡಿ ನಡುಗಿತು. ಮುದುಕ ತಲೆಯೆತ್ತಿ ನೋಡಿದ, ಅಕ್ಷರಗಳು ಒಂದೊಂದಾಗಿ ಮೂಡಿದವು:

'ಬಂದೆಯಾ? ಬಾಗಿಲು ಹಾಕಿಕೊಂಡು ಬಾ. ದೀಪಕ್ಕೆ ಗಾಳಿ.'

ಅಜ್ಜಿ ಕನ್ನಡಕ ಸರಿಮಾಡಿಕೊಂಡು ನನ್ನಿಂದ ಎರಡು ಸಲ ಓದಿಸಿದಳು. ಆಮೇಲೆ ಪೆಟ್ಟಿಗೆಯ ಹಿಡಿಗೆ ಕೈ ಹಾಕಿ ಎದ್ದಳು.

"ಆಮೇಲೆ ಆಮೇಲೆ ಅಂತ ಪ್ರಾಣ ತಿಂತಿದ್ದೆಯಲ್ಲೇ, ಇದೇ ನೋಡು ಆಮೇಲೆ."

ಚಿಕ್ಕಪ್ಪ ಮಿಣುಕುವ ಗೆರೆಯ ಮೇಲೆ ಬೆರಳಿಟ್ಟು ಏಳನೇ ಬಾಗಿಲು ಹಾಕಿದ. ಆಮೇಲೆ ಅಮ್ಮನ ಪೆಟ್ಟಿಗೆ ಎತ್ತಿಕೊಂಡು ಎಲ್ಲರನ್ನೂ ಹೊರಗೆ ದಾಟಿಸಿ, ಟ್ಯಾಕ್ಸಿಯವರೆಗೆ ಹೋದವನು ತಿರುಗಿ ನೋಡಿ, ವಾಪಸು ಬಂದು ನಮ್ಮ ಮನೆಯ ಬಾಗಿಲನ್ನೂ ಹಾಕಿದ.